ಸಂಖಿಯಾ ಸಮುದ್ರ ಸೇರಿದ ಮೇಲೆ

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಬಳಿ ನಾವು ಮೂಗು ಮುಚ್ಚಿಕೊಂಡರೆ ಜೊತೆಯವರು ಯಾರಾದರೂ ಹೇಳುವುದುಂಟು: "ಬಿಡ್ರಿ ಭಾಯ್, ಎಲ್ಲಾ ಹರ್ಕೊಂಡು ಹೋಗಿ ಸಮುದ್ರ ಸೇರ್ತದ." ಸೇರುವುದೇನೋ ನಿಜ. ನಮ್ಮ ಬಸವಕಲ್ಯಾಣದ ಚುಳಕಿನಾಲೆಯ ನೀರು ಮಾಂಜ್ರಾ, ಗೋದಾವರಿಗಳ ದಾರಿಯಿಂದ, ಮುಲ್ಲಾಮಾರಿಯದು ಕಾಗಿಣಾ, ಭೀಮಾ, ಕೃಷ್ಣೆಯರ ದಾರಿಯಿಂದ ಬಂಗಾಳ ಕೊಲ್ಲಿಗೇ ಹೋಗುತ್ತದೆ. ಆಮೇಲೆ?

ಆರ್ಸೆನಿಕ್ಕನ್ನೇ ನೋಡೋಣ. ಉರ್ದುವಿನಲ್ಲಿ ನಾವು ಸಂಖಿಯಾ ಎಂದು ಕಲಿತದ್ದು, ಕನ್ನಡದಲ್ಲಿ ಪಾಷಾಣ ಎಂದು ಓದಿದ್ದು ಇದನ್ನೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಒಂದೆರಡು ಮೈಕ್ರೋಗ್ರಾಂನಷ್ಟು ಇದು ಸಹಜವಾಗಿಯೇ ಇದೆ. ಅದರ ಆರ್ಸೆನೇಟ್ ರೂಪ ಫಾಸ್ಫೇಟನ್ನು ಎಷ್ಟು ಹೋಲುತ್ತದೆಂದರೆ, ಸೂಕ್ಷ್ಮ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಅನ್ನವೆಂದು ವಿಷವನ್ನೇ ಒಳಗೆ ಬಿಟ್ಟುಕೊಳ್ಳುತ್ತವೆ. ಫಾಸ್ಫೇಟಿನ ಬರ ಬಂದಷ್ಟೂ ಈ ಮೋಸ ಹೆಚ್ಚು. (ಬಡವನ ತಟ್ಟೆಗೇ ಕಲಬೆರಕೆ ಬೀಳುವ ಹಾಗೆ.) ಒಳಬಂದದ್ದನ್ನು ಅವು ಆರ್ಸೆನೈಟ್ ಮಾಡಿ ಹೊರದಬ್ಬುತ್ತವೆ, ಕೆಲವು ಪಾಚಿಗಳು ಸಕ್ಕರೆಯಂಥ ಅಣುವಿಗೆ ಕಟ್ಟಿಹಾಕುತ್ತವೆ. ಆಮ್ಲಜನಕವಿಲ್ಲದ ಪೆಸಿಫಿಕ್ ನೀರಿನಲ್ಲಿ ಆರ್ಸೆನಿಕ್ಕನ್ನೇ ಉಸಿರಾಟಕ್ಕೆ ಬಳಸುವ ಜೀವಿಗಳ ಸುಳಿವು 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಸಿಕ್ಕಿತು.

ಇಷ್ಟು ಜಾಣತನದಿಂದಲೂ ಒಂದು ಪರಮಾಣುವಿನಷ್ಟು ಆರ್ಸೆನಿಕ್ ಕಡಿಮೆಯಾಗುವುದಿಲ್ಲ. ಅದು ಧಾತು, ವೇಷ ಬದಲಿಸೀತು, ಸಾಯದು. ಸೂಕ್ಷ್ಮಜೀವಿ ತನ್ನ ಮನೆಯನ್ನಷ್ಟೇ ಗುಡಿಸಿಕೊಳ್ಳುತ್ತದೆ, ಕಸ ಬೀದಿಯಲ್ಲೇ ಉಳಿಯುತ್ತದೆ.

ಸಮುದ್ರದವರೆಗೆ ಹೋಗಬೇಕಾಗಿಯೂ ಇಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಯ ಸಮೀಪದ ಊರು. ಅಲ್ಲಿ ಕೊಳವೆಬಾವಿಯ ಆರ್ಸೆನಿಕ್ ನೀರು ಕುಡಿದವರ ಅಂಗೈ, ಅಂಗಾಲುಗಳ ಚರ್ಮ ಗಂಟುಗಟ್ಟಿತ್ತು. ಮನುಷ್ಯನ ಪಿತ್ತಜನಕಾಂಗಕ್ಕೂ ಈ ವಿಷವನ್ನು ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುವ ವಿದ್ಯೆ ಅಷ್ಟಿಷ್ಟು ಗೊತ್ತು. ಆದರೆ ತಾಂಡಾದ ಹೆಂಗಸರು ಮರುದಿನ ಬೆಳಿಗ್ಗೆ ಕೊಡ ಹಿಡಿದು ಅದೇ ಕೊಳವೆಬಾವಿಗೆ ಹೋಗಬೇಕಿತ್ತು.