ಹೋಟಗಿಯ ಗಾಡಿ

ಕುಂಭಾರಿಯ ಧೂಳು ನಮಗೆ ರೂಢಿ, ಆಟಿಕೆ ರೈಲಿಗಲ್ಲ. ತೀರಿಹೋದ ತಂದೆ ದುಬೈಯಿಂದ ತಂದುಕೊಟ್ಟ ಗಾಡಿ ನಿಂತಾಗ ನೆರೆಮನೆಯ ಹುಡುಗ ಓಡಿಬಂದ: "ಕಾಕಾ, ಮೋಟರ್ ಸುಟ್ಟೈತೇನ್ರಿ?"

ಎಲ್ಲರೂ ಮೊದಲು ಮೋಟರನ್ನೇ ಬೈಯುವುದು. ಈ 12 ವೋಲ್ಟಿನ ಎಂಜಿನ್ನಿಗೆ ಕರೆಂಟು ಬರುವುದು ಹಳಿಯಿಂದ, ಗಾಲಿಗಳ ಮೂಲಕ. 16.5 ಮಿಲಿಮೀಟರ್ ಅಂತರದ ಎರಡು ಹಳಿಗಳಲ್ಲಿ ಒಂದಕ್ಕೆ ಕೊಳೆ ಕೂತರೂ ಸಾಕು, ಗಾಡಿ ನಿಂತಿತು. ಎಂಜಿನ್ ಎತ್ತಿ, ಕಂಟ್ರೋಲರಿನ ತಂತಿಗಳನ್ನು ಎರಡೂ ಬದಿಯ ಗಾಲಿಗಳಿಗೆ ಮುಟ್ಟಿಸಿದೆ. ತಿರುಗಿದವು. ಮೋಟರಿಗೆ ಜೀವವಿತ್ತು.

ಹುಡುಗ ಮರಳುಕಾಗದ ತಂದ. ಬೇಡವೆಂದೆ, ಗೀರು ಬಿದ್ದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಸ್ಪಿರಿಟ್ ಬಟ್ಟೆಯಿಂದ ಹಳಿ, ಗಾಲಿ ಒರೆಸಿ, ಆರುವ ತನಕ ಕಾದೆವು.

"ಇದು ಹೋಟಗಿ–ಗದಗ ಗಾಡಿರೀ, ಅಪ್ಪ ಹೇಳಿದ್ದ" ಎಂದ. ಆ ಮೀಟರ್‌ಗೇಜ್ ಗಾಡಿಯನ್ನು ಹುಡುಗ ಕಂಡವನಲ್ಲ; ಹಳಿ ಬ್ರಾಡ್‌ಗೇಜ್ ಆಗಿ ವರ್ಷಗಳಾದವು.

ಸ್ವಿಚ್ ಅವನೇ ಹಾಕಿದ.