ಬಿಚ್ಚಿದ ಕೈಯೇ ಜೋಡಿಸಬೇಕು

ಯಾವುದನ್ನೇ ಆಗಲಿ ಬಿಚ್ಚುವುದು ಸುಲಭ. ಬಿಚ್ಚಿದ್ದನ್ನು ಮರಳಿ ಇದ್ದಂತೆ ಜೋಡಿಸುವುದು ಕಷ್ಟ. ಹಿರಿಯರು ಈ ಮಾತನ್ನು ಮನೆತನದ ವಿಷಯದಲ್ಲಿ ಆಡುತ್ತಾರೆ, ನೆಂಟಸ್ತಿಕೆಯ ವಿಷಯದಲ್ಲಿ ಆಡುತ್ತಾರೆ. ಮೋಟಾರು ಗಾಡಿಯ ಎಂಜಿನ್ನಿನ ವಿಷಯದಲ್ಲಿಯೂ ಇದು ಅಕ್ಷರಶಃ ಸತ್ಯವೆಂಬುದನ್ನು ನಾವು ನಮ್ಮ ತಂಗಿಯ ಮನೆಯ ಹಿತ್ತಲಿನಲ್ಲಿ ಕಣ್ಣಾರೆ ಕಂಡೆವು. ಯಂತ್ರವಿದ್ಯೆಯ ಗಂಧವೂ ಇಲ್ಲದ ತರುಣನೊಬ್ಬ ಹಳೆಯ ಕಾರಿನ ಕೆಟ್ಟ ಎಂಜಿನ್ನನ್ನು ಇಳಿಸಿ ಮತ್ತೊಂದನ್ನು ಕೂಡ್ರಿಸಿದ ಸಂಗತಿ ಇದು. ಇಂದು ಎಷ್ಟೋ ಮನೆಗಳ ಹುಡುಗರಿಗೆ ಮೂಲೆಗೆ ಬಿದ್ದ ಗಾಡಿಗಳನ್ನು ಮತ್ತೆ ಓಡಿಸುವ ಹಂಬಲ ಹತ್ತಿದೆ. ತಂದೆತಾಯಿಗಳಿಗೆ ಅದರಿಂದ ಚಿಂತೆಯೂ ಹತ್ತಿದೆ. ಇಬ್ಬರಿಗೂ ಉಪಯೋಗವಾದೀತೆಂದು ನಾವು ಇದನ್ನು ಬರೆಯುತ್ತಿದ್ದೇವೆ.

ಕಾರು 1988ರ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಲದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿಯು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಗಾಡಿ. ಮಂತ್ರಿಗಳಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಅದು ಹೊರದ ಜನವಿಲ್ಲ. ನಮ್ಮ ತಂಗಿಯ ಯಜಮಾನರು ಅದನ್ನು ಎತ್ತುಗಳನ್ನು ಸಾಕಿದಂತೆ ಸಾಕಿದ್ದರು. ಅವರು 2018ರಲ್ಲಿ ಲಿಂಗೈಕ್ಯರಾದ ಮೇಲೆ ಕಾರು ಮಗನ ಕೈಗೆ ಬಂತು. 2022ರ ಬೇಸಿಗೆಯಲ್ಲಿ ಒಂದು ದಿನ ದಾರಿಯಲ್ಲಿ ರೇಡಿಯೇಟರಿನ ರಬ್ಬರು ನಳಿಕೆ ಒಡೆದು ನೀರೆಲ್ಲ ಸೋರಿತು. ಬಾನೆಟ್ಟಿನಿಂದ ಉಗಿ ಏಳುವುದನ್ನು ಕಂಡರೂ, ಊರು ಹತ್ತಿರವಿದೆಯಲ್ಲ ಎಂದು ಹುಡುಗ ಇನ್ನೂ ನಾಲ್ಕಾರು ಮೈಲು ಓಡಿಸಿದ. ನೀರಿಲ್ಲದ ಎಂಜಿನ್ನು ಒಣ ಬಾಣಲೆಯನ್ನು ಒಲೆಯ ಮೇಲಿಟ್ಟಂತೆ. ಹೆಡ್ಡು ಬಾಗಿತು, ಬ್ಲಾಕು ಸೀಳಿತು, ನೀರು ಬೆರೆತ ಆಯಿಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ನೋಡಿದ ಮಿಸ್ತ್ರಿ ಒಂದೇ ಮಾತಿನಲ್ಲಿ ಹೇಳಿದ: ಈ ಎಂಜಿನ್ನು ಇನ್ನು ರಿಪೇರಿಗೆ ದಕ್ಕುವುದಿಲ್ಲ.

ಒಂದು ವರ್ಷ ಕಾರು ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ನಿಂತಿತು. ಮರುವರ್ಷ ಮಗ ತಾನೇ ಎಂಜಿನ್ನು ಬದಲಿಸುವೆನೆಂದು ಹಟ ಹಿಡಿದಾಗ ತಂಗಿ ನಮ್ಮಲ್ಲಿಗೆ ಹೇಳಿಕಳಿಸಿದಳು. “ಅಣ್ಣಾ, ನೀ ಹೇಳಿದ್ರ ಕೇಳತಾನ. ಅದನ್ನ ಗುಜರಿಯವಗ ಕೊಟ್ಟ ಬಿಡೂಣು. ಮನ್ಯಾಗ ಮಗಳ ಮದವಿ ಅದ, ರೊಕ್ಕ ಕಬ್ಬಿಣಕ್ಕ ಸುರೀಲಾ?” ಎಂದಳು. ಅವಳ ಮಾತಿನಲ್ಲಿ ರೊಕ್ಕದ ಚಿಂತೆಯಷ್ಟೇ ಇರಲಿಲ್ಲ. ದಿನ ಬೆಳಗಾದರೆ ಆ ಗಾಡಿಯನ್ನು ಕಾಣುವುದೇ ಅವಳಿಗೆ ನೋವಾಗಿತ್ತು. ಹುಡುಗನನ್ನು ಕರೆದು ಕೇಳಿದೆವು. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, “ಮಾವಾ, ಅಪ್ಪನ ಗಾಡಿ ಕೆಟ್ಟದ್ದು ನನ್ನ ಕೈಯಾಗ. ಕೆಡಿಸಿದಾಂವಾ ನಾನ, ಗುಜರಿಗೆ ಹಾಕಾಂವಾನೂ ನಾನ ಆಗಲಾ?” ಎಂದ. ಇದು ಹುಡುಗಾಟಿಕೆಯ ಹಂಬಲವಲ್ಲ, ಋಣ ತೀರಿಸುವ ಹಂಬಲವೆಂಬುದು ನಮಗೆ ಆಗ ತಿಳಿಯಿತು. ತಾಯಿಮಕ್ಕಳಿಬ್ಬರನ್ನೂ ಕೂಡ್ರಿಸಿ ಮೂರು ಕಟ್ಟಳೆ ಹಾಕಿದೆವು. ಮದುವೆಗೆ ಇಟ್ಟ ಹಣವನ್ನು ಮುಟ್ಟಬಾರದು, ಕಾಯದೆ ಮೀರಬಾರದು, ಅನುಭವಿ ಮಿಸ್ತ್ರಿ ಪರೀಕ್ಷಿಸಿ ಒಪ್ಪುವವರೆಗೆ ಗಾಡಿ ರಸ್ತೆಗೆ ಇಳಿಯಬಾರದು. ಇಬ್ಬರೂ ಒಪ್ಪಿದರು. ಭಾನುವಾರಕ್ಕೊಮ್ಮೆ ಬಂದು ನೋಡುವ ಹೊಣೆ ನಮ್ಮ ಪಾಲಿಗೆ ಬಂತು.

ಮೊದಲ ಪ್ರಶ್ನೆ, ಯಾವ ಎಂಜಿನ್ನು ಎಂಬುದು. ಈ ಕಾರಿಗೆ ಮೂಲದಲ್ಲಿ ಇದ್ದುದು 1489 ಸಿ.ಸಿ. ಪೆಟ್ರೋಲ್ ಎಂಜಿನ್ನು. 1990ರ ದಶಕದಲ್ಲಿ ಅದೇ ಕಂಪನಿ ಜಪಾನಿನ ಇಸುಜು ವಿನ್ಯಾಸದ 1817 ಸಿ.ಸಿ. ಎಂಜಿನ್ನನ್ನು ಐದು ಗೇರುಗಳೊಂದಿಗೆ ಅಂಬಾಸಿಡರಿಗೆ ಜೋಡಿಸಿ ಮಾರಿತು. ಶಕ್ತಿಯಲ್ಲಿ ಅದು ಹಳೆಯದಕ್ಕಿಂತ ಬಹಳ ಮೇಲು. ಹುಡುಗನ ಕಣ್ಣು ಸಹಜವಾಗಿಯೇ ಅದರ ಮೇಲಿತ್ತು. ಆದರೆ ಎಂಜಿನ್ನು ಬೇರೆಯಾದರೆ ಅದೊಂದೇ ಬೇರೆಯಾಗಿ ನಿಲ್ಲುವುದಿಲ್ಲ. ಅದನ್ನು ಹೊರುವ ಆಸರೆಗಳು ಬದಲಾಗಬೇಕು. ಗೇರ್ ಬಾಕ್ಸ್ ಬದಲಾದರೆ ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಅಳತೆ ಬದಲಾಗಬೇಕು. ರೇಡಿಯೇಟರು, ಹೊಗೆಯ ಕೊಳವೆ, ವಯರಿಂಗು ಎಲ್ಲವೂ ಹೊಸ ಎಂಜಿನ್ನಿಗೆ ಹೊಂದಬೇಕು. ಇದನ್ನೆಲ್ಲ ಹುಡುಗ ಮಾಡಿಯೇನೆಂದ. ಅವನ ಬಾಯಿ ಕಟ್ಟಿದ್ದು ಮಿಸ್ತ್ರಿಯ ಒಂದು ಮಾತು: “ಜೋರ್ ಓಡೋ ಎಂಜಿನ್ ಕೂಡಸಬಹುದು ತಮ್ಮಾ. ನಿಲ್ಲಸೂ ಬ್ರೇಕ್ ಮಾತ್ರ ಹಳೇವ ಇರತಾವಲ್ಲ?”

ಕಾಯದೆಯ ಮಾತೂ ಅದೇ ದಿಕ್ಕಿನಲ್ಲಿತ್ತು. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2000ದಲ್ಲಿ ಆದ ತಿದ್ದುಪಡಿಯಿಂದ ಈ ನಿಯಮ ಬಿಗಿಯಾಯಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ಕೇಳದೆಯೇ ಬದಲಿಸಿಕೊಳ್ಳಲು ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳ ಒಡೆಯರಿಗೆ ರಾಜ್ಯ ಸರಕಾರವು ಅಪ್ಪಣೆ ಕೊಡಬಹುದು. ಮನೆಯ ಕಾರಿನವರಿಗೆ ಆ ರಿಯಾಯಿತಿ ಇಲ್ಲ, ಅವರು ಆರ್.ಟಿ.ಓ. ಕಚೇರಿಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು, ಹೊಸ ಎಂಜಿನ್ನಿನ ನಂಬರನ್ನು ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ನಂಬರು ತಾಳೆಯಾಗದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯವರೊಡನೆ ತಕರಾರು ತಪ್ಪಿದ್ದಲ್ಲ. ಹುಡುಗ ಎರಡು ದಿನ ಮುಖ ಬಾಡಿಸಿಕೊಂಡಿದ್ದು, ಮೂರನೆಯ ದಿನ 1489 ಸಿ.ಸಿ. ಎಂಜಿನ್ನನ್ನೇ ಹುಡುಕಲು ಹುಬ್ಬಳ್ಳಿಗೆ ಹೋದ.

ಹಳೆಯ ಎಂಜಿನ್ನು ಕೊಳ್ಳುವುದು ಕುರುಡನು ಎತ್ತು ಕೊಂಡಂತೆ ಆಗಬಾರದು. ಮಿಸ್ತ್ರಿ ಜೊತೆಗೆ ಹೋಗಿದ್ದ. ಕೈಯಿಂದ ತಿರುಗಿಸಿದರೆ ಅದು ತಡೆಯಿಲ್ಲದೆ ತಿರುಗಬೇಕು. ಆಯಿಲಿನಲ್ಲಿ ನೀರಿನ ಸುಳಿವಾಗಲಿ ಲೋಹದ ಪುಡಿಯಾಗಲಿ ಇರಬಾರದು. ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಅಳೆದಾಗ ಒಂದಕ್ಕೊಂದು ಸಮೀಪವಿರಬೇಕು. ಒಂದು ಮಾತ್ರ ಬಹಳ ಕಡಿಮೆಯಿದ್ದರೆ ಅಲ್ಲಿ ವಾಲ್ವು ಇಲ್ಲವೆ ರಿಂಗು ಕೆಟ್ಟಿದೆಯೆಂದು ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ ಬ್ಲಾಕಿನ ಮೇಲಿನ ನಂಬರು ಅಳಿಸಿರಬಾರದು, ಅದು ಯಾವ ಗಾಡಿಯಿಂದ ಬಂದುದೆಂಬುದಕ್ಕೆ ಕಾಗದಪತ್ರ ಇರಬೇಕು. ಬೆಲೆ ಕಡಿಮೆಯೆಂದು ನಂಬರು ತಿಕ್ಕಿದ ಎಂಜಿನ್ನು ತಂದವನು ಕಳವಿನ ಮಾಲಿಗೆ ಹೊಣೆಗಾರನಾಗುತ್ತಾನೆ. ಮೂರು ಎಂಜಿನ್ನುಗಳನ್ನು ಬಿಟ್ಟು ನಾಲ್ಕನೆಯದನ್ನು ತಂದರು. ಒಪ್ಪಿಗೆಯ ಅರ್ಜಿಯೂ ಅದರೊಡನೆಯೇ ಹೋಯಿತು.

ಒಪ್ಪಿಗೆ ಕೈಗೆ ಬಂದ ಮೇಲೆ ಹಳೆಯ ಎಂಜಿನ್ನು ಇಳಿಸುವ ಕೆಲಸ ಮೊದಲಾಯಿತು. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಪ್ರತಿ ಮಾಡುವಾಗ ಗುರುಗಳು ಮೊದಲು ಗರಿಗಳ ಅಂಕೆಯನ್ನು ಪಟ್ಟಿ ಮಾಡಿಸುತ್ತಿದ್ದರು. ಗರಿ ಹಿಂದುಮುಂದಾದರೆ ಗ್ರಂಥವಿದ್ದೂ ಇಲ್ಲದಂತೆ. ಆ ರೂಢಿಯನ್ನೇ ಇಲ್ಲಿ ತಂದೆವು. ಹುಡುಗ ಒಂದೊಂದನ್ನೂ ಬಿಚ್ಚಿ ಹೆಸರು ಹೇಳುವುದು, ನಾವು ನೋಟುಬುಕ್ಕಿನಲ್ಲಿ ಕ್ರಮಾಂಕ ಹಾಕಿ ಬರೆಯುವುದು. ಅದೇ ಅಂಕೆಯ ಚೀಟಿಯನ್ನು ಆ ವಯರಿಗೆ, ನಳಿಕೆಗೆ ಕಟ್ಟುವುದು. ಬೋಲ್ಟುಗಳನ್ನು ಅಂಕೆ ಬರೆದ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕುವುದು. ಹುಡುಗ ಮೊಬೈಲಿನಲ್ಲಿ ಚಿತ್ರಗಳನ್ನೂ ತೆಗೆದುಕೊಂಡ. ಮೊದಲು ಬ್ಯಾಟರಿಯ ಅರ್ಥ್ ತಂತಿ, ಆಮೇಲೆ ನೀರು ಮತ್ತು ಆಯಿಲು, ಬಾನೆಟ್ಟು, ರೇಡಿಯೇಟರು. ಹೀಗೆ ಸಾಗಿ ಕೊನೆಗೆ ಎಂಜಿನ್ನಿನ ಆಸರೆಯ ಬೋಲ್ಟುಗಳಿಗೆ ಬರುವ ಹೊತ್ತಿಗೆ ಪಟ್ಟಿಯಲ್ಲಿ 63 ಅಂಕೆಗಳಾಗಿದ್ದವು.

ಎರಕದ ಕಬ್ಬಿಣದ ಆ ಎಂಜಿನ್ನು ಗೇರ್ ಬಾಕ್ಸಿನೊಡನೆ ಒಂದೂವರೆ ಕ್ವಿಂಟಾಲಿಗೂ ಮಿಕ್ಕ ಭಾರ. ಅದನ್ನು ಎತ್ತಲು ಮಿಸ್ತ್ರಿ ಚೈನ್ ಪುಲ್ಲಿ ತಂದ. ಆ ದಿನ ಅವನು ಹಾಕಿದ ನಿಯಮಗಳನ್ನು ಎಲ್ಲ ಹುಡುಗರೂ ನೆನಪಿಡಬೇಕು. ತೂಗುವ ಎಂಜಿನ್ನಿನ ಕೆಳಗೆ ಕೈಯನ್ನೂ ಚಾಚಬಾರದು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ನುಗ್ಗಬಾರದು. ಗಟ್ಟಿ ಸ್ಟ್ಯಾಂಡು ಕೊಟ್ಟಿರಬೇಕು. ಮಕ್ಕಳು ಹಿತ್ತಲಿಗೆ ಬರಕೂಡದು. ಮಾವಿನ ಕೊಂಬೆಗೆ ಸರಪಳಿ ಹಾಕೋಣವೆಂದ ಗೆಳೆಯನೊಬ್ಬನನ್ನು ಅವನು ಗದರಿಸಿಯೇ ಕಳಿಸಿದ.

ಬಂದ ಎಂಜಿನ್ನಿಗೆ ಹೊಸ ಹೆಡ್ ಗ್ಯಾಸ್ಕೆಟ್ಟು, ಹೊಸ ಕ್ಲಚ್ ಪ್ಲೇಟು, ಹೊಸ ರಬ್ಬರು ನಳಿಕೆಗಳು, ಹೊಸ ಆಸರೆಯ ರಬ್ಬರುಗಳು ಬಂದವು. ಎಂಜಿನ್ನು ಹೊರಗಿರುವಾಗ ಕೈಗೆಟಕುವ ಕೆಲಸವನ್ನು ಕೂಡ್ರಿಸಿದ ಮೇಲೆ ಮಾಡಹೋದರೆ ಮತ್ತೆ ಎಲ್ಲ ಬಿಚ್ಚಬೇಕು. ಈ ಸಣ್ಣ ಸಾಮಾನುಗಳಿಗೆ ಎಂಜಿನ್ನಿನ ಬೆಲೆಗಿಂತ ಹೆಚ್ಚು ಹಣ ಹೋಯಿತು. ಹುಡುಗ ಕೈಬಿಗಿ ಹಿಡಿದು, ತನ್ನ ಸಂಬಳದಲ್ಲಿ ತಿಂಗಳಿಗೊಂದಿಷ್ಟು ಎಂದು ಕೊಳ್ಳುತ್ತಿದ್ದುದರಿಂದ ಎಂಟು ತಿಂಗಳು ಹಿಡಿಯಿತು. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಸೇರುವಾಗ ಅವನ ತಾಳ್ಮೆಯ ಪರೀಕ್ಷೆಯಾಯಿತು. ಅರ್ಧ ಬೆರಳಿನಷ್ಟು ಸಂದು ಉಳಿದಿತ್ತು. ಬೋಲ್ಟು ಹಾಕಿ ಬಿಗಿದು ಎಳೆದುಬಿಡುವೆನೆಂದು ಪಾನಾ ಎತ್ತಿದ. ಮಿಸ್ತ್ರಿ ಅವನ ಕೈ ಹಿಡಿದ. ಹಾಗೆ ಎಳೆದರೆ ಕ್ಲಚ್ ಪ್ಲೇಟು ಮುರಿಯುತ್ತದೆ, ಇಲ್ಲವೆ ಗೇರ್ ಬಾಕ್ಸಿನ ಬಾಯಿ ಸೀಳುತ್ತದೆ. ಪ್ಲೇಟನ್ನು ನಡುವಿಗೆ ಸರಿಪಡಿಸಿ, ಶಾಫ್ಟನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅದು ತಾನಾಗಿಯೇ ಒಳಗೆ ಜಾರಿತು.

ಎಲ್ಲ ಕೂಡಿದ ಮೇಲೆ ನೋಟುಬುಕ್ಕನ್ನು ತೆಗೆದು ಒಂದೊಂದು ಅಂಕೆಗೂ ಗುರುತು ಹಾಕುತ್ತ ಬಂದೆವು. 41ನೆಯದು ಉಳಿಯಿತು: “ಎಂಜಿನ್ನಿನಿಂದ ಬಾಡಿಗೆ ಅರ್ಥ್ ಪಟ್ಟಿ.” ಗೇಣುದ್ದದ ಆ ತಾಮ್ರದ ಪಟ್ಟಿ ಡಬ್ಬಿಯಲ್ಲಿಯೇ ಇತ್ತು. ಅದು ನೋಡಲು ಕ್ಷುಲ್ಲಕ. ಆದರೆ ಎಂಜಿನ್ನು ರಬ್ಬರಿನ ಆಸರೆಯ ಮೇಲೆ ಕುಳಿತಿರುವುದರಿಂದ ಸ್ಟಾರ್ಟರಿನ ವಿದ್ಯುತ್ತು ಹಿಂದಿರುಗಲು ಆ ಪಟ್ಟಿಯೇ ದಾರಿ. ಅದಿಲ್ಲದಿದ್ದರೆ ಅಷ್ಟೂ ವಿದ್ಯುತ್ತು ಚೋಕಿನ ತಂತಿಯಂಥ ತೆಳುವಾದ ದಾರಿ ಹಿಡಿಯುತ್ತದೆ; ತಂತಿ ಕೆಂಪಗೆ ಕಾದು, ಪೆಟ್ರೋಲಿನ ಬಳಿಯೇ ಬೆಂಕಿಗೆ ಕಾರಣವಾದೀತು. ಹುಡುಗ ಮಾತಿಲ್ಲದೆ ಪಟ್ಟಿಯನ್ನು ಬಿಗಿದ.

ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಎಂಜಿನ್ನು ತಿರುಗಿಸಿ, ಆಯಿಲಿನ ಒತ್ತಡ ಬಂದುದನ್ನು ನೋಡಿಕೊಂಡು, ಪ್ಲಗ್ಗು ಹಾಕಿ ಚಾಲೂ ಮಾಡಿದರೆ ಎಂಜಿನ್ನು ಹತ್ತಲಿಲ್ಲ. ಕಾರ್ಬುರೇಟರಿನಿಂದ ಪಟಾಕಿಯಂತೆ ಸದ್ದು ಬಂತು. ಒಳಗಿನಿಂದ ತಂಗಿ ಓಡಿಬಂದಳು. ಕಾರಣ ಸರಳವಿತ್ತು. ಪಿಸ್ಟನ್ನು ಒಂದು ಚಕ್ರದಲ್ಲಿ ಎರಡು ಸಲ ಮೇಲಕ್ಕೆ ಬರುತ್ತದೆ. ಒಮ್ಮೆ ಗಾಳಿ ಪೆಟ್ರೋಲನ್ನು ಒತ್ತುವಾಗ, ಒಮ್ಮೆ ಹೊಗೆಯನ್ನು ಹೊರದೂಡುವಾಗ. ಕಿಡಿ ಬೀಳಬೇಕಾದುದು ಮೊದಲನೆಯದರಲ್ಲಿ. ಹುಡುಗ ಎರಡನೆಯದನ್ನೇ ಮೊದಲನೆಯದೆಂದು ಬಗೆದು ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಿರುವಿ ಕೂಡ್ರಿಸಿದ್ದ. ಮೊದಲ ಸಿಲಿಂಡರಿನ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ, ಒತ್ತುವ ಸರದಿಯಲ್ಲಿ ಗಾಳಿ ಬೆರಳನ್ನು ತಳ್ಳುತ್ತದೆ. ಹಾಗೆ ನೋಡಿ ಸರಿಪಡಿಸಿ, ತಂತಿಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಹಾಕಿದ ಮೇಲೆ, ಎರಡನೆಯ ಸುತ್ತಿಗೇ ಎಂಜಿನ್ನು ಹತ್ತಿತು. ಹುಡುಗನ ಕಣ್ಣು ಒದ್ದೆಯಾಗಿತ್ತು. ಅವನು ಮೊದಲು ಮಾಡಿದ ಕೆಲಸವೆಂದರೆ ರೇಡಿಯೇಟರಿನ ನಳಿಕೆಗಳನ್ನು ಮುಟ್ಟಿ ಮುಟ್ಟಿ ನೋಡಿದ್ದು.

ಆರ್.ಟಿ.ಓ. ತಪಾಸಣೆ ಮುಗಿದು, ನೋಂದಣಿ ಪತ್ರದಲ್ಲಿ ಹೊಸ ನಂಬರು ಏರಿ, ಬ್ರೇಕುಗಳನ್ನು ಮಿಸ್ತ್ರಿ ನೋಡಿ ಒಪ್ಪಿದ ಮೇಲೆ ಗಾಡಿ ಅಂಗಳಕ್ಕೆ ಬಂತು. ತಂಗಿ ಎಂಜಿನ್ನಿನ ಬಗೆಗೆ ಏನೂ ಕೇಳಲಿಲ್ಲ. “ಬ್ರೇಕ್ ಸರಿಯಾಗಿ ಹಿಡೀತಾವೇನಪಾ?” ಎಂದಷ್ಟೇ ಕೇಳಿದಳು. ಹಿಡಿಯುತ್ತವೆ ಎಂದು ಮಗ ಹೇಳಿದ ಮೇಲೆ ಸೆರಗು ಸರಿಪಡಿಸಿಕೊಂಡು ಮುಂದಿನ ಸೀಟಿನ ಎಡಗಡೆ, ಯಜಮಾನರಿದ್ದಾಗ ಕೂಡುತ್ತಿದ್ದ ಜಾಗದಲ್ಲಿಯೇ ಕುಳಿತಳು. ಗುಜರಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಇದನ್ನು ಓದಿದ ಎಲ್ಲ ತರುಣರೂ ಪಾನಾ ಹಿಡಿಯಲೆಂದು ನಾವು ಹೇಳುವುದಿಲ್ಲ. ಲೆಕ್ಕ ಹಾಕಿದರೆ ಗ್ಯಾರೇಜಿಗೆ ಕೊಡುವುದೇ ಎಷ್ಟೋ ಸಲ ಮೇಲು. ಆದರೆ ಮಾಡಲೇಬೇಕೆಂದು ಹೊರಟವರು ಮೂಲ ಬಗೆಯ ಎಂಜಿನ್ನನ್ನೇ ಆರಿಸಲಿ, ಕಾಗದಪತ್ರವನ್ನು ಮೊದಲು ಮಾಡಲಿ, ಬಲ್ಲವನೊಬ್ಬನನ್ನು ಹತ್ತಿರ ಇಟ್ಟುಕೊಳ್ಳಲಿ, ಬಿಚ್ಚಿದ್ದನ್ನೆಲ್ಲ ಬರೆದಿಡಲಿ. ಮನೆಯ ಹಿರಿಯರಿಗೂ ಒಂದು ಮಾತು. ಮಗ ಹಳೆಯ ಗಾಡಿಯ ಮುಂದೆ ಕುಳಿತನೆಂದು ಸಿಡುಕುವ ಮೊದಲು, ಅವನೇಕೆ ಕುಳಿತನೆಂದು ಒಮ್ಮೆ ಕೇಳಿರಿ. ಕಾರಣ ಹಗುರವಾಗಿದ್ದರೆ ತಿಳಿಹೇಳಿರಿ. ಭಾರವಾದುದಾಗಿದ್ದರೆ, ಭಾನುವಾರಕ್ಕೊಮ್ಮೆಯಾದರೂ ನೋಟುಬುಕ್ಕು ಹಿಡಿದು ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ.