ಹೂದಾನಿ ಸುತ್ತಿದ ಕಮಲದ ಬಳ್ಳಿ

ಚಿಕ್ಕೇರೂರಿನ ನಮ್ಮ ಪಡಸಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆಗೆಂದು ಹೂದಾನಿ ಬರೆಯುತ್ತಿದ್ದ ಮಗಳು, ಅದರ ಮೇಲಿನ ಕಮಲದ ಬಳ್ಳಿಯನ್ನು ಅಳಿಸಿಬಿಟ್ಟಳು. ‘ಇದು ನಕಲ ಆತು, ಅಪ್ಪಾ’ ಎಂದಳು. ನನಗೆ ಸಂಕಟವಾಯಿತು.

ಚೀನಾದ ಅರಸರಿಗೆ ಪಿಂಗಾಣಿ ಸುಡುತ್ತಿದ್ದ ಜಿಂಗ್‌ಡೆಝೆನ್ ಊರಿನ ಕುಶಲಿಗರು ಇದಕ್ಕೆ ಅಂಜಿದವರಲ್ಲ. ಬೌದ್ಧ ಧರ್ಮದೊಂದಿಗೆ ಭಾರತದಿಂದ ಹೋದ ಕಮಲದ ಅಲಂಕಾರ ಅವರ ಕೈಯಲ್ಲಿ ಬಳ್ಳಿಯಾಗಿ ಹೂದಾನಿಯ ಹೊಟ್ಟೆ ಸುತ್ತಿತು. ಭಿಕ್ಷುಗಳ ನೀರಿನ ಕುಂಡಿಕೆಯೂ ಅಲ್ಲಿ ಪಿಂಗಾಣಿಯಾಯಿತು. 14ನೆಯ ಶತಮಾನದಲ್ಲಿ ನೀಲಿಗೆ ಬೇಕಾದ ಕೋಬಾಲ್ಟ್ ಪರ್ಷಿಯಾ ಕಡೆಯಿಂದ ಬಂತು. ಚೀನೀ ನೀಲಿ-ಬಿಳಿ ಪಿಂಗಾಣಿಯ ಚೂರುಗಳು ನಮ್ಮ ಹಂಪಿಯ ಉತ್ಖನನದಲ್ಲೂ ಸಿಕ್ಕಿವೆ.

18ನೆಯ ಶತಮಾನದ ಚಿಯನ್‌ಲಾಂಗ್ ದೊರೆಗಂತೂ ಹಳೆಯದೆಂದರೆ ಪಂಚಪ್ರಾಣ. ಎರಡು-ಮೂರು ಸಾವಿರ ವರ್ಷ ಹಿಂದಿನ ಕಂಚಿನ ಪಾತ್ರೆಗಳ ಆಕಾರವನ್ನು, ಕಂಚೇ ಎನ್ನುವಂಥ ಬಣ್ಣದ ಸಮೇತ, ಪಿಂಗಾಣಿಯಲ್ಲಿ ಮಾಡಿಸಿದ. ಬುಡದಲ್ಲಿ ಹಾಕಿಸಿದ್ದು ಮಾತ್ರ ತನ್ನದೇ ಆಳ್ವಿಕೆಯ ಮುದ್ರೆ.